ಹೊಸ ಫೋನಿಗೆ ಹೋದ ಮೇಲೆ ಏನೋ ಕಾಣೆಯಾಗಿದೆಯಾ? ಮೊದಲು ಅದು ಎಲ್ಲಿತ್ತು ಅಂತ ನೋಡಿ

ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋದವರೂ, ಐಫೋನ್ ಬಿಟ್ಟು ಆಂಡ್ರಾಯ್ಡ್‌ಗೆ ಬಂದವರೂ ಮೊದಲ ದಿನ ಹೇಳುವುದು ಒಂದೇ ಮಾತು. "ಎಲ್ಲಾ ಬಂದಿದೆ, ಅದೊಂದು ಬಂದಿಲ್ಲ." ಆ "ಅದೊಂದು" ಒಬ್ಬರಿಗೆ ಹಳೇ ಚಾಟ್, ಇನ್ನೊಬ್ಬರಿಗೆ ಮೂರು ವರ್ಷದ ಫೋಟೋ, ಮತ್ತೊಬ್ಬರಿಗೆ ಅರ್ಧ ಫೋನ್‌ಬುಕ್. ಆಮೇಲೆ ಎಲ್ಲರೂ ಮಾಡುವ ಕೆಲಸವೂ ಒಂದೇ: ಹೊಸ ಫೋನನ್ನು ರೀಸೆಟ್ ಮಾಡಿ ಮೊದಲಿಂದ ಶುರು ಮಾಡುವುದು. ಬಹಳ ಸಲ ಅದರಿಂದ ಏನೂ ಗಿಟ್ಟುವುದಿಲ್ಲ. ಇನ್ನೊಂದು ಸಂಜೆ ಹಾಳು, ಅಷ್ಟೇ. ಮೊದಲ ಸಲ ಬರದೇ ಇದ್ದದ್ದು ಎರಡನೇ ಸಲವೂ ಬರುವುದಿಲ್ಲ.

ನಾನು ಎರಡೂ ದಿಕ್ಕಿಗೆ ಓಡಾಡಿದವನು. ಮೊದಲು ಆಂಡ್ರಾಯ್ಡ್‌ನಿಂದ ಐಫೋನಿಗೆ, ಎರಡು ವರ್ಷ ಆದ ಮೇಲೆ ವಾಪಸ್. ಜೊತೆಗೆ ಮನೆಯವರದ್ದು, ಸ್ನೇಹಿತರದ್ದು ಅಂತ ಇನ್ನೊಂದಷ್ಟು ಫೋನುಗಳು ಕೈಯಿಂದ ದಾಟಿವೆ. ಈಗ ಯಾರಾದರೂ "ಯಾಕೆ ಬರಲಿಲ್ಲ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಅದು ಅಸಲಿಗೆ ಎಲ್ಲಿತ್ತು?

ಫೋನಿನಲ್ಲಿ ಕಾಣುವುದೆಲ್ಲ ಫೋನಿನಲ್ಲೇ ಇರುವುದಿಲ್ಲ. ಒಂದಿಷ್ಟು ಫೋನಿನ ಸ್ಟೋರೇಜಿನಲ್ಲಿ ಇರುತ್ತದೆ. ಒಂದಿಷ್ಟು ಇಂಟರ್ನೆಟ್ಟಿನಲ್ಲಿ, ನಿಮ್ಮ ಗೂಗಲ್ ಖಾತೆಯಲ್ಲೋ ಆ್ಯಪಲ್‌ನ ಐಕ್ಲೌಡ್ ಖಾತೆಯಲ್ಲೋ ಇರುತ್ತದೆ, ಫೋನು ಅದರ ನೆರಳನ್ನು ಮಾತ್ರ ತೋರಿಸುತ್ತದೆ. ಕೆಲವು ನಿಮ್ಮ ಮೊಬೈಲ್ ನಂಬರಿಗೆ ಅಂಟಿಕೊಂಡಿರುತ್ತವೆ. ಉಳಿದದ್ದು ಒಂದೊಂದು ಆ್ಯಪಿನ ಹೊಟ್ಟೆಯೊಳಗೆ, ಬೇರೆ ಯಾರೂ ಕೈಹಾಕದ ಹಾಗೆ ಕೂತಿರುತ್ತದೆ. ಡೇಟಾ ಸಾಗಿಸುವ ಆ್ಯಪುಗಳು ಮುಖ್ಯವಾಗಿ ಹೊತ್ತು ತರುವುದು ಮೊದಲನೆಯ ಜಾಗದಲ್ಲಿ ಇರುವುದನ್ನು. ಉಳಿದ ಮೂರು ಜಾಗಗಳಿಗೆ ಬೇರೆ ಬೇರೆ ದಾರಿ ಇದೆ. ಕೆಳಗೆ ಬರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಫೋನನ್ನು ಒಂದು ತಿಂಗಳಾದರೂ ಅಳಿಸಬೇಡಿ, ಮಾರಬೇಡಿ, ಯಾರಿಗೂ ಕೊಡಬೇಡಿ. ಅದು ಕೈಯಲ್ಲಿ ಇರುವ ತನಕ ಇಲ್ಲಿನ ಬಹುತೇಕ ದೋಷಗಳಿಗೆ ಮದ್ದಿದೆ.

ವರ್ಗಾವಣೆ ಅರ್ಧದಲ್ಲೇ ನಿಂತುಬಿಟ್ಟಿದೆ

ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರಿಗೆ ಆ್ಯಪಲ್ ಕೊಡುವ ದಾರಿ "ಮೂವ್ ಟು ಐಒಎಸ್" ಅನ್ನುವ ಆ್ಯಪ್. 2015ರಿಂದ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಅದು ಯಾಕೆ ನಿಲ್ಲುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಐಫೋನ್ ತಾನೇ ಒಂದು ತಾತ್ಕಾಲಿಕ ವೈಫೈ ಎಬ್ಬಿಸುತ್ತದೆ. ಆಂಡ್ರಾಯ್ಡ್ ಫೋನು ಆ ವೈಫೈಗೆ ಸೇರಿಕೊಂಡು ನೇರವಾಗಿ ಡೇಟಾ ದಾಟಿಸುತ್ತದೆ. ಮಧ್ಯದಲ್ಲಿ ಇಂಟರ್ನೆಟ್ ಇಲ್ಲ.

ತೊಂದರೆ ಇರುವುದು ಅಲ್ಲೇ. ಇವತ್ತಿನ ಆಂಡ್ರಾಯ್ಡ್ ಫೋನುಗಳಿಗೆ ಜಾಣತನ ಜಾಸ್ತಿ. "ಈ ವೈಫೈನಲ್ಲಿ ಇಂಟರ್ನೆಟ್ಟೇ ಇಲ್ಲವಲ್ಲ" ಅಂತ ಅಂದುಕೊಂಡು, ನಿಮ್ಮನ್ನು ಒಂದು ಮಾತೂ ಕೇಳದೆ, ಮನೆಯ ವೈಫೈಗೋ ಮೊಬೈಲ್ ಡೇಟಾಗೋ ಹಾರಿಬಿಡುತ್ತವೆ. ಐಫೋನ್ ಮಾತ್ರ ಅಲ್ಲೇ ಕಾಯುತ್ತಾ ಕೂತಿರುತ್ತದೆ, ಎಷ್ಟು ಆಯಿತು ಅಂತ ತೋರಿಸುವ ಪಟ್ಟಿ ಅಲ್ಲಾಡುವುದಿಲ್ಲ.

ಪತ್ತೆ ಮಾಡುವುದು ಸುಲಭ. ನಿಂತ ಹೊತ್ತಿನಲ್ಲಿ ಆಂಡ್ರಾಯ್ಡ್‌ನ ಪರದೆಯನ್ನು ಮೇಲಿನಿಂದ ಎಳೆದು ಯಾವ ವೈಫೈಗೆ ಸೇರಿದೆ ಅಂತ ನೋಡಿ. ಅಲ್ಲಿ ನಿಮ್ಮ ಮನೆಯದ್ದೋ ಆಫೀಸಿನದ್ದೋ ಹೆಸರಿದ್ದರೆ ಕಳ್ಳ ಸಿಕ್ಕ ಹಾಗೆ. ಮೊಬೈಲ್ ಡೇಟಾ ಆಫ್ ಮಾಡಿ. ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ತಿರುಗಿಸುವ ಆ್ಯಪ್) ಇದ್ದರೆ ನಿಲ್ಲಿಸಿ. "ಸ್ಮಾರ್ಟ್ ನೆಟ್‌ವರ್ಕ್ ಸ್ವಿಚ್" ಥರದ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ. ಹೆಸರು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ, ಕೆಲಸ ಒಂದೇ, ವೈಫೈ ಸರಿಯಿಲ್ಲ ಅನಿಸಿದರೆ ಬೇರೆಡೆಗೆ ಹಾರುವುದು. ಇಷ್ಟಾದ ಮೇಲೂ ಹಾರುತ್ತಿದ್ದರೆ ಹತ್ತಿರದ ವೈಫೈಗಳನ್ನು "ಫರ್ಗೆಟ್" ಮಾಡಿ, ಎರಡೂ ಫೋನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮತ್ತೆ ಶುರು ಮಾಡಿ.

ಇನ್ನೊಂದು ಕಾರಣ ನಾವೇ. ಸಾಗಿಸುವಾಗ ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್ ಪರದೆಯ ಮೇಲೇ ಇರಬೇಕು. ಸುಮ್ನೆ ಒಂದು ಮೆಸೇಜ್ ನೋಡೋಣ ಅಂತ ಬೇರೆ ಆ್ಯಪಿಗೆ ಹೋದರೆ, ಕರೆ ಬಂದರೆ, ಪರದೆ ಆರಿದರೆ ಅಲ್ಲಿಗೆ ಮುಗಿಯಿತು. ಎರಡೂ ಫೋನನ್ನು ಚಾರ್ಜಿಗೆ ಹಾಕಿ ಪಕ್ಕಪಕ್ಕ ಇಟ್ಟು ಎದ್ದು ಹೋಗಿ.

ಮತ್ತೆ, ಆಂಡ್ರಾಯ್ಡ್ "ಮುಗಿಯಿತು" ಅಂದರೂ ಐಫೋನಿನಲ್ಲಿ ಪಟ್ಟಿ ಇನ್ನೂ ಓಡುತ್ತಿದ್ದರೆ ನಂಬಬೇಕಾದ್ದು ಐಫೋನನ್ನು. ಅದು ಮುಗಿಯುವವರೆಗೆ ಮುಟ್ಟಬೇಡಿ.

ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಅದು ವೈಫೈ ದೋಷ ಇರಲಿಕ್ಕಿಲ್ಲ. ಮೊದಲು ಜಾಗ ನೋಡಿ. ಹಳೇ ಫೋನಿನಲ್ಲಿ ಮೆಮೊರಿ ಕಾರ್ಡ್ ಇದ್ದರೆ ಅದರಲ್ಲಿ ಇರುವುದನ್ನೂ ಲೆಕ್ಕಕ್ಕೆ ಸೇರಿಸಿ ಹೊಸದರಲ್ಲಿ ಹಿಡಿಸುತ್ತದಾ ಅಂತ ನೋಡಬೇಕು, ಇದನ್ನು ಮರೆಯುವವರೇ ಜಾಸ್ತಿ. ಜಾಗ ಇದೆ, ಆದರೂ ನಿಲ್ಲುತ್ತದೆ ಅಂದರೆ ಭಾಗ ಮಾಡಿ ನೋಡಿ. ಫೋಟೋ, ವಿಡಿಯೋಗಳ ಗುರುತು ತೆಗೆದು ಬರೀ ಕಾಂಟ್ಯಾಕ್ಟ್, ಮೆಸೇಜ್, ವಾಟ್ಸ್‌ಆ್ಯಪ್ ಕಳಿಸಿ. ಅದು ಸಲೀಸಾಗಿ ಹೋದರೆ ಕೊಕ್ಕೆ ಇರುವುದು ಫೋಟೋಗಳಲ್ಲಿ. ಅವನ್ನು ಕಂಪ್ಯೂಟರ್ ಮೂಲಕವೋ ಗೂಗಲ್ ಫೋಟೋಸ್ ಮೂಲಕವೋ ಆಮೇಲೆ ತಂದರಾಯಿತು.

"ಆಂಡ್ರಾಯ್ಡ್‌ನಿಂದ ತನ್ನಿ ಅನ್ನುವ ಆಯ್ಕೆಯೇ ಕಾಣುತ್ತಿಲ್ಲ" ಅನ್ನುವವರಿಗೆ: ಅದು ಬರುವುದು ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ. ಸೆಟಪ್ ದಾಟಿಬಿಟ್ಟಿದ್ದರೆ ಫೋನನ್ನು ಪೂರ್ತಿ ಅಳಿಸಿ ಮತ್ತೆ ಆ ಪರದೆಗೆ ಬರಬೇಕು, ಇಲ್ಲವೇ ಒಂದೊಂದಾಗಿ ಕೈಯಾರೆ ತರಬೇಕು. ವಾಟ್ಸ್‌ಆ್ಯಪ್ ಚಾಟ್ ಬೇಡ ಅನ್ನುವವರು ಅಳಿಸುವ ತಂಟೆಗೆ ಹೋಗಬೇಡಿ, ಕೈಯಾರೆ ತರುವುದೇ ಲೇಸು.

ಐಫೋನಿನಿಂದ ಆಂಡ್ರಾಯ್ಡ್‌ಗೆ ಬರುವವರಿಗೆ ಹೆಚ್ಚಾಗಿ ಕೇಬಲ್ ದಾರಿ. ಇಲ್ಲಿ ಮೊದಲ ಅನುಮಾನ ಕೇಬಲ್ ಮೇಲೇ ಇರಲಿ. ಕೆಲವು ಕೇಬಲ್‌ಗಳು ಬರೀ ಚಾರ್ಜ್ ಮಾಡುತ್ತವೆ, ಒಳಗೆ ಡೇಟಾ ಸಾಗಿಸುವ ತಂತಿಯೇ ಇರುವುದಿಲ್ಲ. ಐಫೋನ್ ಲಾಕ್ ತೆಗೆದಿರಬೇಕು, "ಟ್ರಸ್ಟ್" ಅಂತ ಕೇಳಿದಾಗ ಒಪ್ಪಬೇಕು. ಮಧ್ಯದಲ್ಲಿ ಬ್ಯಾಕಪ್ ಪಾಸ್‌ವರ್ಡ್ ಅಂತ ಕೇಳಿದರೆ ಅದು ಲಾಕ್ ತೆಗೆಯುವ ಅಂಕಿ ಅಲ್ಲ, ನಿಮ್ಮ ಆ್ಯಪಲ್ ಖಾತೆಯದ್ದೂ ಅಲ್ಲ. ಎಂದೋ ಒಂದು ದಿನ ಕಂಪ್ಯೂಟರಿಗೆ ಬ್ಯಾಕಪ್ ತೆಗೆಯುವಾಗ ಇಟ್ಟ ಬೇರೆಯದೇ ಪಾಸ್‌ವರ್ಡ್. ಮರೆತಿದ್ದರೆ ಐಫೋನಿನಲ್ಲಿ "ರೀಸೆಟ್ ಆಲ್ ಸೆಟ್ಟಿಂಗ್ಸ್" ಒತ್ತಿದರೆ ಆ ಪಾಸ್‌ವರ್ಡ್ ಹೋಗುತ್ತದೆ. ಫೋಟೋ, ಆ್ಯಪ್ ಯಾವುದೂ ಅಳಿಯುವುದಿಲ್ಲ. ವೈಫೈ ಪಾಸ್‌ವರ್ಡ್, ವಾಲ್‌ಪೇಪರ್ ಥರದ ಸೆಟ್ಟಿಂಗ್‌ಗಳು ಮಾತ್ರ ಹೋಗುತ್ತವೆ. ಆದರೆ ಪಕ್ಕದಲ್ಲೇ "ಇರೇಸ್ ಆಲ್ ಕಂಟೆಂಟ್" ಅಂತ ಇನ್ನೊಂದು ಇರುತ್ತದೆ. ಅದನ್ನು ಒತ್ತಿದರೆ ಮಾತ್ರ ಎಲ್ಲಾ ಗೋವಿಂದ.

ವಾಟ್ಸ್‌ಆ್ಯಪ್ ಖಾಲಿ ಖಾಲಿ

ಲಕ್ಷಣ: ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿದಿರಿ, ನಂಬರ್ ಕೊಟ್ಟಿರಿ, ಗುಂಪುಗಳೆಲ್ಲ ಬಂದವು, ಒಳಗೆ ಒಂದು ಹಳೇ ಮಾತೂ ಇಲ್ಲ. ಬ್ಯಾಕಪ್ ಸಿಗಲಿಲ್ಲ ಅನ್ನುತ್ತದೆ. "ದಿನಾ ರಾತ್ರಿ ಬ್ಯಾಕಪ್ ಆಗುತ್ತಿತ್ತಲ್ಲ!"

ಆಗುತ್ತಿತ್ತು, ನಿಜ. ಆದರೆ ಆಂಡ್ರಾಯ್ಡ್ ವಾಟ್ಸ್‌ಆ್ಯಪ್ ಬ್ಯಾಕಪ್ ಇಡುವುದು ಗೂಗಲ್ ಖಾತೆಯಲ್ಲಿ, ಐಫೋನಿನದ್ದು ಇಡುವುದು ಐಕ್ಲೌಡ್‌ನಲ್ಲಿ. ಒಂದರ ಬ್ಯಾಕಪ್ಪನ್ನು ಇನ್ನೊಂದು ಓದುವುದಿಲ್ಲ. ಅದೇ ಗೂಗಲ್ ಖಾತೆಯನ್ನು ಐಫೋನಿಗೆ ಸೇರಿಸಿದರೂ ಓದುವುದಿಲ್ಲ. ಇಲ್ಲಿ ಬ್ಯಾಕಪ್ ಕೆಟ್ಟಿಲ್ಲ, ದಾರಿ ತಪ್ಪಿದೆ ಅಷ್ಟೇ.

ಸರಿ ದಾರಿ ಹೀಗೆ. ಐಫೋನಿಗೆ ಹೋಗುವವರು ಮೂವ್ ಟು ಐಒಎಸ್ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಗುರುತು ಹಾಕಬೇಕು. ಆಗ ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ತೆರೆದುಕೊಂಡು ಚಾಟುಗಳನ್ನು ಕಟ್ಟು ಕಟ್ಟುತ್ತದೆ. ಜಾಸ್ತಿ ಚಾಟ್ ಇದ್ದರೆ ಇದಕ್ಕೇ ಸುಮಾರು ಹೊತ್ತು ಹಿಡಿಯುತ್ತದೆ, ಕೈಕೊಟ್ಟಿತು ಅಂತ ಅಂದುಕೊಳ್ಳಬೇಡಿ. ದಾಟಿದ ಮೇಲೆ ಐಫೋನಿನಲ್ಲಿ ವಾಟ್ಸ್‌ಆ್ಯಪ್ ಹಾಕಿ ಅದೇ ನಂಬರಿನಿಂದ ಒಳಗೆ ಹೋಗಬೇಕು. ನಂಬರ್ ಬೇರೆ ಆದರೆ ಚಾಟ್ ಬರುವುದಿಲ್ಲ. ಫೋನಿನ ಜೊತೆಗೆ ನಂಬರನ್ನೂ ಬದಲಿಸುವವರು ಮೊದಲು ಹಳೇ ನಂಬರಿನಲ್ಲೇ ದಾಟಿಕೊಂಡು, ಆಮೇಲೆ ವಾಟ್ಸ್‌ಆ್ಯಪ್ ಒಳಗೇ "ಚೇಂಜ್ ನಂಬರ್" ಬಳಸಿ.

ಐಫೋನಿನಿಂದ ಆಂಡ್ರಾಯ್ಡ್‌ಗೆ ಬರುವಾಗ ಹೊಸ ಫೋನಿನ ಸೆಟಪ್ ಹೊತ್ತಿಗೇ ಕೇಬಲ್ ಜೋಡಿಸಿ, ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಐಫೋನ್ ಕ್ಯಾಮೆರಾದಲ್ಲಿ ಹಿಡಿಯಬೇಕು. ಇಲ್ಲೂ ಅಷ್ಟೇ, ಸೆಟಪ್ ದಾಟಿದ ಮೇಲೆ ನೆನಪಾದರೆ ಕಷ್ಟ.

ಹೊಸ ಫೋನನ್ನು ರೀಸೆಟ್ ಮಾಡಿದ್ದಕ್ಕೂ ಬೆಲೆ ಸಿಗುವುದು ಇದೊಂದು ದೋಷಕ್ಕೆ. ಮಾಡುವುದಾದರೆ ಬೇಗ ಮಾಡಿ. ಹೊಸ ಫೋನಿನಲ್ಲಿ ವಾರಗಟ್ಟಲೆ ಮಾತಾಡಿ ಆಮೇಲೆ ಹಳೇದನ್ನು ತರಲು ಹೋದರೆ ಎರಡೂ ಬೆರೆಯುವುದಿಲ್ಲ. ಹಳೇದು ಬಂದರೆ ಹೊಸದು ಹೋಗುತ್ತದೆ. ಯಾವುದು ಬೇಕು ಅಂತ ನೀವೇ ಆರಿಸಬೇಕು.

ಎಲ್ಲ ಸರಿಯಾಗಿ ಮಾಡಿದರೂ ಕರೆಗಳ ಪಟ್ಟಿ ಬರುವುದಿಲ್ಲ. ಅದು ದೋಷ ಅಲ್ಲ. ಚಾಟುಗಳು ಹೊಸ ಫೋನಿಗೆ ಬಂದ ಮಾತ್ರಕ್ಕೆ ಹೊಸ ಖಾತೆಯಲ್ಲಿ ಬ್ಯಾಕಪ್ ಆಗಿಬಿಟ್ಟಿದೆ ಅಂತಲೂ ಅಲ್ಲ, ಒಳಗೆ ಹೋಗಿ ನೀವೇ ಶುರು ಮಾಡಬೇಕು. ಏನೂ ನಡೆಯದಿದ್ದರೆ ಕೊನೆಯ ದಾರಿ "ಎಕ್ಸ್‌ಪೋರ್ಟ್ ಚಾಟ್". ಮುಖ್ಯವಾದ ನಾಲ್ಕೈದು ಚಾಟುಗಳನ್ನು ಫೈಲ್ ಮಾಡಿ ಇಮೇಲಿಗೆ ಕಳಿಸಿಕೊಳ್ಳಿ. ಅದನ್ನು ಓದಬಹುದು, ವಾಟ್ಸ್‌ಆ್ಯಪ್ ಒಳಗೆ ಮತ್ತೆ ಸೇರಿಸಲು ಆಗುವುದಿಲ್ಲ. ಇಲ್ಲದ್ದಕ್ಕಿಂತ ವಾಸಿ.

ಫೋಟೋ ಅರ್ಧ ಬಂದಿದೆ, ಬಂದದ್ದೂ ಮಸುಕು

ಐಫೋನಿನಲ್ಲಿ "ಆಪ್ಟಿಮೈಜ್ ಐಫೋನ್ ಸ್ಟೋರೇಜ್" ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ದು ಫೋನಿನಲ್ಲಿ ಜಾಗ ಕಡಿಮೆಯಾದರೆ ಅಸಲಿ ಫೋಟೋಗಳು ಐಕ್ಲೌಡ್‌ನಲ್ಲಿ ಮಾತ್ರ ಉಳಿಯುತ್ತವೆ, ಫೋನಿನಲ್ಲಿ ಚಿಕ್ಕ ಪ್ರತಿ ಇರುತ್ತದೆ. ನೀವು ತೆರೆದಾಗ ಕ್ಷಣದಲ್ಲಿ ಅಸಲಿಯನ್ನು ಇಳಿಸಿ ತೋರಿಸುವುದರಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೇಬಲ್ ಹಾಕಿ ಸಾಗಿಸುವ ಆ್ಯಪಿಗೆ ಮಾತ್ರ ಗೊತ್ತಾಗುತ್ತದೆ, ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ನನ್ನ ಪರೀಕ್ಷೆ ಒಂದಿದೆ, ಅರ್ಧ ನಿಮಿಷದ ಕೆಲಸ. ಹಳೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈಯೂ ಆಫ್ ಆಗಿದೆಯಾ ನೋಡಿ. ಈಗ ನಾಲ್ಕೈದು ವರ್ಷ ಹಿಂದಿನ, ಇತ್ತೀಚೆಗೆ ತೆರೆಯದ ಒಂದು ಫೋಟೋ ತೆರೆದು ಹಿಗ್ಗಿಸಿ. ಮಸುಕಾಗಿಯೇ ಉಳಿದರೆ, ವಿಡಿಯೋ ಆದರೆ ಓಡದಿದ್ದರೆ, ಅಸಲಿ ಅಲ್ಲಿಲ್ಲ. ಎಷ್ಟು ಸಲ ಕೇಬಲ್ ಹಾಕಿದರೂ ಅಷ್ಟೇ.

ಫೋನಿನಲ್ಲಿ ಜಾಗ ಇದ್ದರೆ "ಡೌನ್‌ಲೋಡ್ ಅಂಡ್ ಕೀಪ್ ಒರಿಜಿನಲ್ಸ್" ಆರಿಸಿ, ವೈಫೈನಲ್ಲಿ ಎಲ್ಲ ಇಳಿಯಲು ಬಿಟ್ಟು, ಆಮೇಲೆ ಸಾಗಿಸಿ. ಜಾಗ ಇಲ್ಲದಿದ್ದರೆ ಖಾತೆಯಿಂದ ಖಾತೆಗೇ ಕಳಿಸುವುದು ಉತ್ತಮ. ಆ್ಯಪಲ್‌ನ ಡೇಟಾ ಮತ್ತು ಪ್ರೈವೆಸಿ ಪುಟದಲ್ಲಿ ಐಕ್ಲೌಡ್ ಫೋಟೋಗಳ ಪ್ರತಿಯನ್ನು ಗೂಗಲ್ ಫೋಟೋಸ್‌ಗೆ ಕಳಿಸಿ ಅಂತ ಕೋರಿಕೆ ಹಾಕಬಹುದು, 2021ರಿಂದ ಈ ಸೌಲಭ್ಯ ಇದೆ. ಮೂರರಿಂದ ಏಳು ದಿನ ಹಿಡಿಯುತ್ತದೆ ಅಂತ ಅವರೇ ಹೇಳುತ್ತಾರೆ. ಕೋರಿಕೆ ಹಾಕಿ ಮರುದಿನವೇ "ಬಂದಿಲ್ಲ" ಅಂತ ಗಾಬರಿಯಾಗಬೇಡಿ. ಗೂಗಲ್ ಖಾತೆಯಲ್ಲಿ ಅಷ್ಟು ಜಾಗ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ, ಜಾಗ ಮುಗಿದರೆ ಪೂರ್ತಿ ಬರುವುದಿಲ್ಲ. ಉಲ್ಟಾ ದಿಕ್ಕಿಗೂ, ಅಂದರೆ ಗೂಗಲ್‌ನಿಂದ ಐಕ್ಲೌಡ್‌ಗೂ, ಗೂಗಲ್ ಟೇಕ್‌ಔಟ್ (ಗೂಗಲ್ ಖಾತೆಯಲ್ಲಿ ಇರುವುದನ್ನು ಹೊರಗೆ ತೆಗೆಯುವ ಪುಟ) ಮೂಲಕ ಇಂಥದ್ದೇ ದಾರಿ 2024ರಿಂದ ಇದೆ.

ಆಂಡ್ರಾಯ್ಡ್ ಕಡೆಯಲ್ಲೂ ಇದೇ ಕಥೆ. ಗೂಗಲ್ ಫೋಟೋಸ್‌ನಲ್ಲಿ "ಫ್ರೀ ಅಪ್ ಸ್ಪೇಸ್" ಒತ್ತಿದ್ದರೆ ಫೋನಿನಲ್ಲಿದ್ದ ಪ್ರತಿಗಳು ಹೋಗಿ ಖಾತೆಯಲ್ಲಿ ಮಾತ್ರ ಉಳಿದಿರುತ್ತವೆ. ಮೂವ್ ಟು ಐಒಎಸ್‌ಗೆ ಅವು ಸಿಗುವುದಿಲ್ಲ. ಐಫೋನಿನಲ್ಲಿ ಗೂಗಲ್ ಫೋಟೋಸ್ ಹಾಕಿ ಒಳಗೆ ಹೋದರೆ ಎಲ್ಲ ಅಲ್ಲೇ ಇರುತ್ತವೆ. ತೀರಾ ಸರಳ, ಆದರೂ ಇದಕ್ಕಾಗಿ ಮೂರು ಸಲ ರೀಸೆಟ್ ಮಾಡಿದವರನ್ನು ನಾನು ನೋಡಿದ್ದೇನೆ.

ಫೋಟೋ ಬಂದಿದೆ, ತಾರೀಖು ಮಾತ್ರ ಎಲ್ಲದಕ್ಕೂ ನಿನ್ನೆಯದ್ದು? ಕ್ಯಾಮೆರಾದಲ್ಲಿ ತೆಗೆದ ಫೋಟೋದ ಒಳಗೇ ತಾರೀಖು ಬರೆದಿರುತ್ತದೆ, ಅದು ಸಾಮಾನ್ಯವಾಗಿ ಉಳಿಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರಗಳ ಒಳಗೆ ಆ ವಿವರ ಇರುವುದಿಲ್ಲ, ಅದಕ್ಕೇ ಪ್ರತಿ ಮಾಡಿದ ದಿನವನ್ನೇ ಫೋನು ಅವುಗಳ ತಾರೀಖು ಅಂದುಕೊಳ್ಳುತ್ತದೆ. ಹಾಗಾಗಿ ಮೊದಲು ನೋಡಿ, ಕೆಟ್ಟಿರುವುದು ಎಲ್ಲ ಫೋಟೋಗಳಾ, ಬರೀ ವಾಟ್ಸ್‌ಆ್ಯಪ್ ಫೋಟೋಗಳಾ ಅಂತ. ಎರಡನೆಯದ್ದಾದರೆ ನಾನಂತೂ ಹಾಗೇ ಬಿಟ್ಟುಬಿಡುತ್ತೇನೆ.

ಐಫೋನಿನಿಂದ ತಂದ ಫೋಟೋ ಹಳೇ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಅದು ಎಚ್‌ಇಐಸಿ ಅನ್ನುವ ನಮೂನೆ, 2017ರ ಐಒಎಸ್ 11ರಿಂದ (ಐಒಎಸ್ ಅಂದರೆ ಐಫೋನ್ ನಡೆಸುವ ಸಾಫ್ಟ್‌ವೇರ್) ಬಂದದ್ದು. ಫೋಟೋ ಹಾಳಾಗಿಲ್ಲ. ಐಫೋನಿನ ಲೈವ್ ಫೋಟೋ (ಒತ್ತಿದರೆ ಒಂದು ಕ್ಷಣ ಅಲ್ಲಾಡುವ ಫೋಟೋ) ಒಂದೇ ಆದರೂ ಆಂಡ್ರಾಯ್ಡ್‌ನಲ್ಲಿ ಒಂದು ಚಿತ್ರ, ಒಂದು ಪುಟ್ಟ ವಿಡಿಯೋ ಅಂತ ಎರಡಾಗಿ ಕಾಣುವುದೂ ಮಾಮೂಲಿ.

ಕೆಲವರ ಮೆಸೇಜ್ ಮಾತ್ರ ಬರುತ್ತಿಲ್ಲ

ಐಫೋನ್ ಬಿಟ್ಟವರಿಗೆ ಬರುವ ಕಾಯಿಲೆ ಇದು. ಲಕ್ಷಣ ನೋಡಿದರೇ ಗೊತ್ತಾಗುತ್ತದೆ: ಆಂಡ್ರಾಯ್ಡ್ ಇರುವವರ ಎಸ್‌ಎಂಎಸ್ ಬರುತ್ತದೆ, ಐಫೋನ್ ಇರುವವರದ್ದು ಬರುವುದಿಲ್ಲ, ಅವರ ಫೋನಿನಲ್ಲಿ ಮಾತ್ರ "ಹೋಗಿದೆ" ಅಂತ ತೋರಿಸುತ್ತದೆ. ನಿಮ್ಮ ನಂಬರ್ ಇನ್ನೂ ಐಮೆಸೇಜ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಹೋಗುವ ಆ್ಯಪಲ್‌ನದೇ ಮೆಸೇಜ್ ಸೇವೆಯಲ್ಲಿ, ನೋಂದಣಿಯಾಗಿದೆ. ಅವರ ಫೋನು ನಿಮ್ಮ ಬಳಿ ಐಫೋನ್ ಇದೆ ಅಂದುಕೊಂಡೇ ಎಸ್‌ಎಂಎಸ್ ಬದಲು ಐಮೆಸೇಜ್ ಕಳಿಸುತ್ತಿದೆ. ಇದು ನಂಬರಿಗೆ ಅಂಟಿಕೊಂಡಿರುವ ವಿಷಯ, ಹೊಸ ಫೋನಿನಲ್ಲಿ ಏನು ತಿರುಗಿಸಿದರೂ ಸರಿಹೋಗುವುದಿಲ್ಲ.

ಐಫೋನ್ ಇನ್ನೂ ಹತ್ತಿರ ಇದ್ದರೆ ಸಿಮ್ಮನ್ನು ಒಮ್ಮೆ ಅದಕ್ಕೇ ಹಾಕಿ, ಮೊಬೈಲ್ ಡೇಟಾ ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್ ಆಫ್ ಮಾಡಿ, ಹಾಗೇ ಫೇಸ್‌ಟೈಮ್ ಕೂಡ. ಫೋನ್ ಕೈಬಿಟ್ಟು ಹೋಗಿದ್ದರೆ ಆ್ಯಪಲ್‌ನ ಜಾಲತಾಣದಲ್ಲಿ ಐಮೆಸೇಜ್ ನೋಂದಣಿ ತೆಗೆಯುವ ಪುಟ ಇದೆ. ನಂಬರ್ ಕೊಟ್ಟರೆ ಎಸ್‌ಎಂಎಸ್‌ನಲ್ಲಿ ಒಂದು ಕೋಡ್ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ಇಷ್ಟಾದ ಮೇಲೂ ಹಳೇ ಗುಂಪಿನ ಮೆಸೇಜ್‌ಗಳು ಬರದಿದ್ದರೆ, ಗುಂಪಿನಲ್ಲಿ ಇರುವವರಿಗೆ ಆ ಹಳೇ ಚಾಟ್ ಬಿಟ್ಟು ಹೊಸ ಗುಂಪು ಮಾಡಲು ಹೇಳಿ.

ಆಂಡ್ರಾಯ್ಡ್ ಬಿಟ್ಟವರಿಗೂ ಇದರ ತಂಗಿಯೊಬ್ಬಳಿದ್ದಾಳೆ, ಆರ್‌ಸಿಎಸ್ ಅಂತ, ಎಸ್‌ಎಂಎಸ್ ಬದಲು ಇಂಟರ್ನೆಟ್ ಮೂಲಕ ಮೆಸೇಜ್ ಕಳಿಸುವ ವ್ಯವಸ್ಥೆ. ಗೂಗಲ್ ಮೆಸೇಜಸ್‌ನಲ್ಲಿ ಆರ್‌ಸಿಎಸ್ ಚಾಟ್ ಆನ್ ಇದ್ದರೆ ಸಿಮ್ ತೆಗೆಯುವ ಮೊದಲು ಆಫ್ ಮಾಡಿ. ಮರೆತಿದ್ದರೆ ಗೂಗಲ್‌ನವರದ್ದೂ ನಂಬರ್ ಬಿಡಿಸುವ ಪುಟ ಇದೆ.

ಕೋಡ್ ತಪ್ಪು ಅನ್ನುತ್ತಿದೆ

ಇಲ್ಲಿ ನಾನೇ ಬಿದ್ದಿದ್ದೇನೆ. ಮೊದಲ ಸಲ ಫೋನ್ ಬದಲಿಸಿದಾಗ ಫೋಟೋ ಬಂತು, ಕಾಂಟ್ಯಾಕ್ಟ್ ಬಂತು, ಆ್ಯಪುಗಳೂ ಬಂದವು ಅಂತ ಖುಷಿಯಲ್ಲಿ ಎರಡನೇ ದಿನವೇ ಹಳೇದನ್ನು ಅಳಿಸಿಬಿಟ್ಟೆ. ಅವತ್ತು ರಾತ್ರಿ ಇಮೇಲ್ ತೆರೆಯಲು ಹೋದರೆ ಆರಂಕಿ ಕೋಡ್ ಕೇಳಿತು. ಆ ಕೋಡ್ ತೋರಿಸುವ ಆ್ಯಪ್ ಹೊಸ ಫೋನಿನಲ್ಲೂ ಇತ್ತು, ಒಳಗೆ ಬೋಳು. ಖಾತೆ ವಾಪಸ್ ಸಿಗಲು ಆರು ದಿನ ಬೇಕಾಯಿತು. ತಪ್ಪು ಯಾರದ್ದೂ ಅಲ್ಲ, ನನ್ನದೇ.

ಆಥೆಂಟಿಕೇಟರ್ ಆ್ಯಪಿನ ಗುಟ್ಟಿನ ಕೀಲಿ ಇರುವುದು ಆ ಆ್ಯಪಿನ ಹೊಟ್ಟೆಯಲ್ಲಿ. ಆ್ಯಪ್ ಬಂದರೆ ಕೀಲಿ ಬಂದ ಹಾಗಲ್ಲ. ಗೂಗಲ್ ಆಥೆಂಟಿಕೇಟರ್‌ಗೆ 2023ರಲ್ಲಿ ಖಾತೆಗೆ ಸಿಂಕ್ ಆಗುವ ವ್ಯವಸ್ಥೆ ಬಂತು. ಅದು ಬೇಡ ಅಂದರೆ ಹಳೇ ಫೋನಿನಲ್ಲಿ ಖಾತೆಗಳನ್ನು ಎಕ್ಸ್‌ಪೋರ್ಟ್ ಮಾಡಿ, ಬರುವ ಕ್ಯೂಆರ್ ಕೋಡನ್ನು ಹೊಸ ಫೋನಿನಲ್ಲಿ ಹಿಡಿದರೆ ಸಾಕು. ಬೇರೆ ಆ್ಯಪ್ ಆಗಿದ್ದು ಇಂಥ ದಾರಿ ಇಲ್ಲದಿದ್ದರೆ, ಒಂದೊಂದು ಖಾತೆಯಲ್ಲೂ ಎರಡು ಹಂತದ ಭದ್ರತೆಯನ್ನು ಹಳೇ ಫೋನ್ ಬಳಸಿಯೇ ತೆಗೆದು ಹೊಸದಕ್ಕೆ ಮತ್ತೆ ಜೋಡಿಸಬೇಕು. ಬೇಜಾರಿನ ಕೆಲಸ. ಆದರೂ ಮಾಡಿ.

ಕೋಡ್ ಬರುತ್ತಿದೆ, ಹಾಕಿದರೆ ತಪ್ಪು ಅನ್ನುತ್ತಿದೆ ಅಂದರೆ ಅದು ಬೇರೆ ದೋಷ. ಈ ಕೋಡುಗಳು ಫೋನಿನ ಗಡಿಯಾರ ನೋಡಿ ಹುಟ್ಟುತ್ತವೆ, ಸಾಮಾನ್ಯವಾಗಿ 30 ಸೆಕೆಂಡಿಗೆ ಒಂದು. ಹೊಸ ಫೋನಿನಲ್ಲಿ ಸಮಯವನ್ನು ಕೈಯಾರೆ ಇಟ್ಟಿದ್ದು ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೆ ಎಲ್ಲ ಕೋಡೂ ತಪ್ಪಾಗುತ್ತವೆ. ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿ ಮತ್ತೆ ನೋಡಿ.

ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದ ಒಳಗೆ ಹೋಗುವ ಕೀಲಿ) ಬಳಸುವವರು ಒಂದು ಖಾತೆಗೆ ಹಳೇ ಫೋನಿನಿಂದ ಒಳಗೆ ಹೋಗಿ, ಹೊಸ ಫೋನಿಗೆ ಇನ್ನೊಂದು ಪಾಸ್‌ಕೀ ಮಾಡಿಕೊಳ್ಳುವುದು ಸುರಕ್ಷಿತ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಫೈಲ್ ಮಾಡಿ ತರುವವರು ಕೆಲಸ ಆದ ತಕ್ಷಣ ಆ ಫೈಲನ್ನು ಅಳಿಸಿ. ಅದರಲ್ಲಿ ಎಲ್ಲ ಪಾಸ್‌ವರ್ಡೂ ಬಿಡಿ ಅಕ್ಷರದಲ್ಲಿ ಇರುತ್ತವೆ, ಯಾರು ಬೇಕಾದರೂ ಓದಬಹುದು.

ಬ್ಯಾಂಕಿನ ಆ್ಯಪುಗಳು ಹೊಸ ಫೋನನ್ನು ನಂಬುವುದಿಲ್ಲ, ನಂಬಲೂಬಾರದು. ಎಷ್ಟು ಚೆನ್ನಾಗಿ ವರ್ಗಾವಣೆ ಮಾಡಿದರೂ ಮತ್ತೆ ನೋಂದಣಿ ಕೇಳುತ್ತವೆ. ಕೆಲವು ಆ್ಯಪುಗಳು ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸಿ ನಂಬರ್ ಖಚಿತ ಮಾಡಿಕೊಳ್ಳುತ್ತವೆ. ಅದು ವಿಫಲವಾದರೆ ಸಿಮ್ ಹೊಸ ಫೋನಿನಲ್ಲಿ ಇದೆಯಾ, ಎರಡು ಸಿಮ್ ಇದ್ದರೆ ಎಸ್‌ಎಂಎಸ್ ಹೋಗುತ್ತಿರುವುದು ಸರಿಯಾದ ಸಿಮ್‌ನಿಂದಲೇನಾ ಅಂತ ನೋಡಿ.

ಹೆಸರುಗಳು ಕಾಣೆ, ಇಲ್ಲವೇ ಎರಡೆರಡು

ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಎಷ್ಟು ಹೆಸರಿವೆ ನೋಡಿ. ಹಳೇ ಫೋನಿನಲ್ಲಿ 600 ಇದ್ದು ಇಲ್ಲಿ 400 ಇದ್ದರೆ ಉಳಿದ 200 ಫೋನಿನ ಮೆಮೊರಿಯಲ್ಲೋ ಸಿಮ್‌ನಲ್ಲೋ ಇವೆ. ವರ್ಷಗಳ ಹಿಂದೆ "ಎಲ್ಲಿ ಸೇವ್ ಮಾಡಲಿ?" ಅಂತ ಫೋನ್ ಕೇಳಿದಾಗ ನೋಡದೆ ಒತ್ತಿದ್ದರ ಫಲ. ಹಳೇ ಫೋನಿನ ಕಾಂಟ್ಯಾಕ್ಟ್ಸ್ ಆ್ಯಪಿನಿಂದ ಎಲ್ಲವನ್ನೂ ವಿಸಿಎಫ್ (ಹೆಸರು, ನಂಬರ್ ಇಡುವ ನಮೂನೆ) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ನಿಮಗೇ ಇಮೇಲ್ ಮಾಡಿಕೊಳ್ಳಿ, ಹೊಸ ಫೋನಿನಲ್ಲಿ ತೆರೆಯಿರಿ. ಕನ್ನಡದಲ್ಲಿ ಬರೆದ ಹೆಸರುಗಳು ಸಮ ಚಿಹ್ನೆ, ಅಂಕಿ, ಅಕ್ಷರಗಳ ಗೊಜ್ಜಾಗಿ ಬಂದರೆ ಆ ಫೈಲು ಹಳೇ ನಮೂನೆಯದ್ದು. ಆಗ ಫೈಲು ಬಿಟ್ಟು, ಹಳೇ ಫೋನಿನಲ್ಲೇ ಆ ಹೆಸರುಗಳನ್ನು ಗೂಗಲ್ ಖಾತೆಗೆ ಸರಿಸಿ, ಹೊಸದರಲ್ಲಿ ಆ ಖಾತೆ ಸೇರಿಸಿ.

ಎಲ್ಲ ಹೆಸರೂ ಎರಡೆರಡು ಸಲ ಕಾಣುತ್ತಿದ್ದರೆ ಐಕ್ಲೌಡ್, ಗೂಗಲ್ ಎರಡೂ ಖಾತೆಯ ಪಟ್ಟಿ ಒಟ್ಟಿಗೆ ಆನ್ ಇವೆ. ಒಂದನ್ನು ಆಫ್ ಮಾಡಿ ನೋಡಿ. ಒಂದೊಂದಾಗಿ ಅಳಿಸುತ್ತಾ ಕೂರಬೇಡಿ, ಅಳಿಸಿದ್ದು ಖಾತೆಯಿಂದಲೇ ಹೋಗುತ್ತದೆ.

ಫೋನ್‌ಬುಕ್ ಸರಿಯಿದೆ, ವಾಟ್ಸ್‌ಆ್ಯಪಿನಲ್ಲಿ ಮಾತ್ರ ಬರೀ ನಂಬರುಗಳು ಅಂದರೆ ವಾಟ್ಸ್‌ಆ್ಯಪಿಗೆ ಕಾಂಟ್ಯಾಕ್ಟ್ ನೋಡುವ ಅನುಮತಿ ಕೊಟ್ಟಿಲ್ಲ. ಕೆಲವರ ಹೆಸರು ಮಾತ್ರ ಇಲ್ಲದಿದ್ದರೆ ಅನುಮತಿ ಭಾಗಶಃ ಕೊಟ್ಟಿರಬಹುದು, ಐಒಎಸ್ 18ರಿಂದ ಆಯ್ದ ಹೆಸರುಗಳನ್ನು ಮಾತ್ರ ಕೊಡುವ ಆಯ್ಕೆ ಇದೆ.

ದೋಷ ಅನಿಸುವ, ದೋಷ ಅಲ್ಲದವು

ಮೊದಲ ಎರಡು ಮೂರು ದಿನ ಹೊಸ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಹಿಂದೆ ಆ್ಯಪುಗಳು ಇಳಿಯುತ್ತಿರುತ್ತವೆ, ಫೋಟೋಗಳಲ್ಲಿ ಮುಖ ಹುಡುಕುವ ಕೆಲಸ ನಡೆಯುತ್ತಿರುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ವೈಫೈನಲ್ಲಿ ಬಿಡಿ. ವಾರ ಕಳೆದರೂ ಹಾಗೇ ಇದ್ದರೆ ಆಗ ಬ್ಯಾಟರಿ ಪಟ್ಟಿಯಲ್ಲಿ ಯಾವ ಆ್ಯಪ್ ಮೇಲಿದೆ ನೋಡಿ.

ದುಡ್ಡು ಕೊಟ್ಟು ಕೊಂಡ ಆ್ಯಪ್ ಇನ್ನೊಂದು ಆ್ಯಪ್ ಅಂಗಡಿಯಲ್ಲಿ ಪುಕ್ಕಟೆ ಸಿಗುವುದಿಲ್ಲ. ತಿಂಗಳ ಚಂದಾ ಮಾತ್ರ ಹಳೇ ಅಂಗಡಿಯಲ್ಲಿ ಸದ್ದಿಲ್ಲದೆ ಕಟ್ಟಾಗುತ್ತಲೇ ಇರುತ್ತದೆ, ಎಲ್ಲಿ ಶುರು ಮಾಡಿದಿರೋ ಅಲ್ಲೇ ಹೋಗಿ ನಿಲ್ಲಿಸಬೇಕು. ಆ್ಯಪಲ್ ವಾಚ್ ಆಂಡ್ರಾಯ್ಡ್‌ಗೆ ಜೋಡಿಯಾಗುವುದಿಲ್ಲ, 2021ರ ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದ ಗ್ಯಾಲಕ್ಸಿ ವಾಚುಗಳು ಐಫೋನಿಗೆ ಜೋಡಿಯಾಗುವುದಿಲ್ಲ. ಏನು ಮಾಡಿದರೂ ಅಷ್ಟೇ. ಏರ್‌ಪಾಡ್ಸ್ ಆದರೆ ಆಂಡ್ರಾಯ್ಡ್‌ನಲ್ಲೂ ಮಾಮೂಲಿ ಬ್ಲೂಟೂತ್ ಇಯರ್‌ಫೋನ್ ಥರ ನಡೆಯುತ್ತವೆ.

ಹಳೇದನ್ನು ಅಳಿಸುವ ದಿನ

ತಿಂಗಳು ಕಳೆಯಿತು, ಏನೂ ಕಾಣೆಯಾಗಿಲ್ಲ. ಹಳೇದು ಐಫೋನ್ ಆದರೆ ವಾಚ್ ಜೋಡಿ ಬಿಡಿಸಿ, "ಫೈಂಡ್ ಮೈ" ಆಫ್ ಮಾಡಿ, ಐಕ್ಲೌಡ್‌ನಿಂದ ಹೊರಬಂದು, ಆಮೇಲೆ ಅಳಿಸಿ. ಇಲ್ಲದಿದ್ದರೆ ಮುಂದಿನವರಿಗೆ ಆ್ಯಕ್ಟಿವೇಶನ್ ಲಾಕ್ (ನಿಮ್ಮ ಪಾಸ್‌ವರ್ಡ್ ಕೇಳುವ ಬೀಗ) ಅಡ್ಡ ಬಂದು ನಿಮಗೇ ಫೋನ್ ಬರುತ್ತದೆ. ಆಂಡ್ರಾಯ್ಡ್ ಆದರೆ ರೀಸೆಟ್‌ಗೆ ಮೊದಲು ಗೂಗಲ್ ಖಾತೆ ತೆಗೆಯಿರಿ, ಅಲ್ಲೂ ಇಂಥದ್ದೇ ಬೀಗ ಇದೆ. ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇರುವವರಿಗೆ ಅಳಿಸುವ ಹೊತ್ತಿಗೆ "ಇಸಿಮ್ ಕೂಡ ಅಳಿಸಲಾ?" ಅಂತ ಕೇಳಬಹುದು. ಬೇರೆ ಯಾರದ್ದಾದರೂ ಫೋನಿನಿಂದ ನಿಮ್ಮ ನಂಬರಿಗೆ ಕರೆ ಮಾಡಿ, ಹೊಸ ಫೋನ್ ರಿಂಗಾದ ಮೇಲೆಯೇ ಹೌದು ಅನ್ನಿ. ಅಳಿಸಿದ ಇಸಿಮ್ ತಾನಾಗಿ ವಾಪಸ್ ಬರುವುದಿಲ್ಲ, ಸಿಮ್ ಕಂಪನಿಯಿಂದ ಹೊಸದಾಗಿ ಪಡೆಯಬೇಕು, ಅದಕ್ಕೆ ಬೇಕಾದ ಓಟಿಪಿ ಅದೇ ನಂಬರಿಗೆ ಬರಬಹುದು.